ಒದ್ದೆಯಾದವರ ವೀಸಾ

ಆ ಗಡಿ ಪಟ್ಟಣದ ಜಲಪಾತದಲ್ಲಿ ನೀರು ಆಚೆ ದೇಶದ್ದು, ಸದ್ದು ಮಾತ್ರ ಈಚೆಯದು. ಎರಡೂ ಸರ್ಕಾರಗಳು ಸಹಿ ಹಾಕಿ ಒಪ್ಪಿಕೊಂಡ ವಿಷಯವಾದ್ದರಿಂದ ಇದರಲ್ಲಿ ತಕರಾರಿಗೆ ಆಸ್ಪದವಿಲ್ಲ. ಬಂದವರು ಈಚೆಯ ಕಂಬಿಗೆ ಒರಗಿ ಎಷ್ಟು ಬೇಕಾದರೂ ನೋಡಬಹುದು, ಎಷ್ಟು ಬೇಕಾದರೂ ಕೇಳಬಹುದು. ನೆನೆಯುವಂತಿಲ್ಲ.

ನೋಂದಣಿ ಕಚೇರಿಯ ಹೆಡ್ ಕ್ಲರ್ಕರು ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ತೀರಾ ಮನಸ್ಸಿಟ್ಟೇನೂ ಅಲ್ಲ. ಆಕೆಗೆ ಮದುವೆಯಾದಾಗಿನಿಂದ ಫಾರಿನ್ ನೋಡುವ ಆಸೆ. ಇವರಿಗೆ ಮದುವೆಯಾದಾಗಿನಿಂದ ರಜೆ ಉಳಿಸುವ ಆಸೆ. "ಅಲ್ಲಿ ನಿಂತ್ರೆ ಫಾರಿನ್ನೇ ಕಾಣ್ಸುತ್ತಂತೆ. ನೋಡ್ಕೊಂಡು ಸಂಜೆ ಬಸ್ಸಿಗೆ ಬಂದ್ಬಿಡೋಣ" ಎಂದು ರಾಜಿ ಮಾಡಿಕೊಂಡಿದ್ದರು.

ಎಲ್ಲಿ ಬೋರ್ಡು ಕಂಡರೂ ಪೂರ್ತಿ ಓದುವುದು ಹೆಡ್ ಕ್ಲರ್ಕರ ಅಭ್ಯಾಸ. ಅವರು ಸೂಚನಾ ಫಲಕದ ಮರೆಯಲ್ಲಿ ನಿಂತು ಓದುತ್ತಿದ್ದಾಗ ಹೆಂಡತಿ ಕಂಬಿಯಿಂದಾಚೆ ಬಗ್ಗಿ ನೋಡಿದರು. ಅಷ್ಟರಲ್ಲಿ ಗಾಳಿ ತಿರುಗಿತು. ಕೊಡಗಟ್ಟಲೆ ನೀರು ಹಾರಿಬಂದು ಆಕೆಯನ್ನು ನೆತ್ತಿಯಿಂದ ಪಾದದವರೆಗೆ ತೋಯಿಸಿತು. ಫಲಕದ ಮರೆಯಲ್ಲಿದ್ದ ಗಂಡನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಸೀಟಿ ಮೊಳಗಿತು. ಮೈಕು ಗಂಟಲು ಸರಿಪಡಿಸಿಕೊಂಡಿತು: "ಪ್ರವಾಸಿಗರ ಗಮನಕ್ಕೆ. ಹಸಿರು ಶಾಲಿನ ಮಹಿಳೆಯೊಬ್ಬರು ಈಗಷ್ಟೇ ದೇಶ ಬಿಟ್ಟು ತೆರಳಿದ್ದಾರೆ. ಅವರಿಗೆ ಶುಭ ಪ್ರಯಾಣ."

ಕಾವಲಿನವರು ಇಬ್ಬರನ್ನೂ ಗಡಿ ಕಚೇರಿಗೆ ಕರೆದೊಯ್ದರು. ಗಡಿ ಅಧಿಕಾರಿ ನಿಯಮವನ್ನು ಬಾಯಿಪಾಠ ಒಪ್ಪಿಸಿದರು: "ವಿದೇಶದ ನೆಲ, ಜಲ, ಇವುಗಳ ಪೈಕಿ ಯಾವುದೇ ಒಂದರಿಂದ ಸರ್ವಾಂಗವೂ ಆವೃತವಾದ ವ್ಯಕ್ತಿಯನ್ನು ವಿದೇಶದಲ್ಲಿರುವವರೆಂದು ಪರಿಗಣಿಸತಕ್ಕದ್ದು."

"ಸರ್, ಇಲ್ಲೇ ನಿಂತಿದ್ದಾಳಲ್ಲ, ನನ್ನ ಪಕ್ಕದಲ್ಲೇ!"

"ಗಡಿ ಅಂದ್ಮೇಲೆ ಆ ಕಡೆಯವರು ಹತ್ರ ಕಾಣ್ಸೋದು ಸಹಜ."

"ಒಣಗಿದ್ರೆ?"

"ಒಣಗಿದ್ರೆ ನೀರು ಹೋಗುತ್ತೆ, ಯಜಮಾನ್ರೇ. ಪ್ರಯಾಣ ಮಾಡಿದ್ದು ಹೋಗುತ್ತಾ?"

ಹೆಡ್ ಕ್ಲರ್ಕರಿಗೆ ಕೂಗಾಡಬೇಕೆನಿಸಿತು. ಆದರೆ ಆ ನಿಯಮದಲ್ಲಿ ಅಲ್ಪವಿರಾಮ ಕೂಡ ಸರಿಯಾದ ಜಾಗದಲ್ಲಿತ್ತು. ಒಂದು ಅಲ್ಪವಿರಾಮಕ್ಕಾಗಿ ಎಷ್ಟೋ ಜನರನ್ನು ತಮ್ಮ ಕೌಂಟರಿನಿಂದ ವಾಪಸ್ ಕಳಿಸಿದ್ದ ಮನುಷ್ಯ ಅವರು.

"ಅಂದ್ರೆ ನಾನೀಗ ಫಾರಿನ್‌ನಲ್ಲಿದ್ದೀನಾ?" ಎಂದರು ಹೆಂಡತಿ, ಶಾಲು ಹಿಂಡುತ್ತಾ.

"ಹೌದಮ್ಮ."

ಆಕೆ ಕುರ್ಚಿಯಲ್ಲಿ ಕೂತು, ಜೇಡರ ಬಲೆ ಕಟ್ಟಿದ ಫ್ಯಾನನ್ನೂ ಕಾಲು ಮುರಿದ ಬೀರುವನ್ನೂ ಕಣ್ತುಂಬ ನೋಡಿದರು. "ಎಷ್ಟು ನೀಟಾಗಿ ಇಟ್ಕೊಂಡಿದ್ದಾರೆ ರೀ!"

ಮರಳಿ ಬರಬೇಕಾದರೆ ವೀಸಾ ಬೇಕು, ಈಚೆಯವರು ಯಾರಾದರೂ ಜಾಮೀನು ನಿಲ್ಲಬೇಕು. ಅಧಿಕಾರಿ ಹೆಡ್ ಕ್ಲರ್ಕರನ್ನು ತೋರಿಸಿ ಕೇಳಿದರು: "ಇವರ ಪರಿಚಯ ಇದೆಯೇನಮ್ಮ?"

ಆಕೆ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲೋ ನೋಡಿದ ಹಾಗಿದೆ."

"ಲೇ, ತಮಾಷೆ ಮಾಡ್ಬೇಡ! ಬಸ್ ಹೋಗುತ್ತೆ!"

"ಯಜಮಾನ್ರೇ, ವಿದೇಶಿಯರ ಜೊತೆ ಏಕವಚನ ಬೇಡ" ಎಂದರು ಅಧಿಕಾರಿ.

ಹೆಡ್ ಕ್ಲರ್ಕರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ನೀವು... ದಯವಿಟ್ಟು... ತಮಾಷೆ ಮಾಡ್ಬೇಡಿ."

ಆಕೆಯ ಮುಖ ಊರಗಲವಾಯಿತು. "ಇನ್ನೊಂದ್ಸಲ ಹೇಳ್ತೀರಾ? ನೀರಿನ ಸದ್ದಲ್ಲಿ ಕೇಳಿಸ್ಲಿಲ್ಲ."

ಸಂಬಂಧ ಖಚಿತಪಡಿಸಿಕೊಳ್ಳಲು ಅಧಿಕಾರಿ ಪ್ರಶ್ನೆ ಹಾಕಿದರು. ಇವರಿಗೆ ಇಷ್ಟವಾದ ಹಾಡು ಯಾವುದು? ಹೆಡ್ ಕ್ಲರ್ಕರಿಗೆ ಗೊತ್ತಿರಲಿಲ್ಲ. ಬಣ್ಣ? ಶಾಲು ನೋಡಿ ಧೈರ್ಯವಾಗಿ "ಹಸಿರು" ಎಂದರು.

"ಇದು ನೀವು ತಂದಿದ್ದು. ನಂಗೆ ಹಸಿರು ಕಂಡ್ರಾಗಲ್ಲ."

ಅಧಿಕಾರಿ ಬರೆದುಕೊಂಡರು: ಪರಿಚಯ, ಮೇಲ್ನೋಟಕ್ಕೆ. "ಇಷ್ಟು ಪರಿಚಯಕ್ಕೆ ಕುಟುಂಬ ವೀಸಾ ಬರಲ್ಲ. ಪ್ರವಾಸಿ ವೀಸಾ ಕೊಡಬಹುದು, ಅಮ್ಮ ಒಪ್ಪಿದ್ರೆ. ಇಲ್ದಿದ್ರೆ ಆ ಕಡೆ ದೋಣಿ ರೆಡಿ ಇದೆ."

ಕಿಟಕಿಯಾಚೆ, ನದಿಯಲ್ಲಿ, ನಿಜಕ್ಕೂ ದೋಣಿಯೊಂದಿತ್ತು. ಅದರಲ್ಲಿದ್ದವರು ಒಣ ಟವೆಲ್ ಬೀಸಿ ಕರೆಯುತ್ತಿದ್ದರು. ಆಕೆ ಬಹಳ ಹೊತ್ತು ಆ ಟವೆಲನ್ನೇ ನೋಡಿದರು. ಹೆಡ್ ಕ್ಲರ್ಕರ ತಲೆಯಿಂದ ಬಸ್ಸಿನ ವಿಚಾರ ಹಾರಿಹೋಗಿತ್ತು.

"ಹೋಗ್ತೀಯಾ?" ಎಂದವರು ತಾವೇ ತಿದ್ದಿಕೊಂಡರು, "ಹೋಗ್ತೀರಾ?"

ಆಕೆ ತಿರುಗಿ ನೋಡಿದರು. "ಬೇಡ. ಇಷ್ಟು ದೂರ ಬಂದಿದ್ದೀನಿ, ನಿಮ್ಮ ದೇಶನೂ ಒಂದ್ಸಲ ನೋಡ್ಕೊಂಡ್ ಹೋಗ್ತೀನಿ."

ಠಸ್ಸೆ ಬಿತ್ತು. ಷರತ್ತುಗಳನ್ನು ಓದಿ ಹೇಳಲಾಯಿತು: ಪ್ರವಾಸಿಯು ಸಂಬಳಕ್ಕಾಗಲಿ, ಸಂಬಳವಿಲ್ಲದೆಯಾಗಲಿ, ಯಾವುದೇ ಕೆಲಸ ಮಾಡತಕ್ಕದ್ದಲ್ಲ. ಆತಿಥೇಯರು ಊಟ, ವಸತಿ ಮತ್ತು ಮಾತುಕತೆ ಒದಗಿಸತಕ್ಕದ್ದು. ಉಲ್ಲಂಘಿಸಿದರೆ ಗಡೀಪಾರು.

ಮನೆಗೆ ಬಂದ ಮೊದಲ ಬೆಳಗ್ಗೆ ಆಕೆಯ ಕೈ ಅಭ್ಯಾಸಬಲದಿಂದ ಪೊರಕೆಯ ಕಡೆ ಹೋಯಿತು. ಹೆಡ್ ಕ್ಲರ್ಕರು ಸೋಪು ಹಚ್ಚಿದ ಮುಖದಲ್ಲೇ ಓಡಿಬಂದರು. "ಅಯ್ಯಯ್ಯೋ, ಮುಟ್ಬೇಡಿ! ಗಡೀಪಾರು ಮಾಡ್ಬಿಡ್ತಾರೆ!" ಪೊರಕೆ ಅವರೇ ಹಿಡಿದರು. ಹಾಲು ಉಕ್ಕಿಸಿದರು, ಅನ್ನ ತಳ ಹಿಡಿಸಿದರು. ಸಂಜೆ ಷರತ್ತಿನಂತೆ ಎದುರು ಕೂತು ಮಾತುಕತೆ ಒದಗಿಸಿದರು. ಮೊದಲೆರಡು ದಿನ ಏನು ಮಾತಾಡಬೇಕೆಂದು ತಿಳಿಯದೆ ತಮ್ಮ ಸೇವಾ ನಿಯಮಾವಳಿ ಹೇಳಿದರು. ಆಮೇಲೆ ಆಕೆಗೆ ಇಷ್ಟವಾದ ಹಾಡು ಯಾವುದೆಂದು ಕೇಳಿದರು. ಅದನ್ನು ಹೇಳಲು ಆಕೆಗೆ ಒಂದು ಸಂಜೆ ಸಾಲಲಿಲ್ಲ.

ಮನೆಯಲ್ಲಿದ್ದ ಅತ್ತೆಯವರು ಸೊಸೆಯೊಡನೆ ಪರದೇಶದವರಿಗೆ ಹೇಳುವಂತೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು: "ನೀ-ರು ಬೇ-ಕಾ?" ನೋಂದಣಿ ಕಚೇರಿಯ ಸಾಹೇಬರು ವಿದೇಶಿ ಅತಿಥಿ ಸತ್ಕಾರದ ಬಾಬ್ತು ಹೆಡ್ ಕ್ಲರ್ಕರಿಗೆ ಅರ್ಧ ದಿನದ ರಜೆ ಮಂಜೂರು ಮಾಡಿದರು.

ಮುಂದಿನ ಭಾನುವಾರ ಬೀದಿಯ ಹೆಂಗಸರೆಲ್ಲ ಜಲಪಾತದ ಬಸ್ಸು ಹತ್ತಿದರು. ಗಂಡಂದಿರು ಕೊಟ್ಟ ಕೊಡೆಗಳು ಸೀಟಿನ ಕೆಳಗೇ ಉಳಿದವು. ಜನ ಹೆಚ್ಚಾದ್ದರಿಂದ ಪಟ್ಟಣದ ಪುರಸಭೆ ಗಾಳಿ ತಿರುಗುವ ವೇಳಾಪಟ್ಟಿ ಪ್ರಕಟಿಸಿತು. ಮರುವಾರದಿಂದ ಬೀದಿಯ ಗಂಡಸರು ಬೆಳಗ್ಗೆ ನಲ್ಲಿಯ ಬಳಿ ಸೇರಿ, ಅನ್ನಕ್ಕೆ ನೀರೆಷ್ಟು ಹಾಕಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಯಾರಿಗೂ ಇದು ವಿಚಿತ್ರವೆನಿಸಲಿಲ್ಲ.

ವೀಸಾ ಮುಗಿಯಲು ಬಂದಾಗ ಹೆಡ್ ಕ್ಲರ್ಕರು ತಾವೇ ಹೋಗಿ, ಸಾಲಿನಲ್ಲಿ ನಿಂತು, ಅವಧಿ ವಿಸ್ತರಿಸಿಕೊಂಡು ಬಂದರು. ಆ ರಾತ್ರಿ ಊಟ ಬಡಿಸಿ, ಬಾಗಿಲ ಬಳಿ ಕೈಕಟ್ಟಿ ನಿಂತು ಕೇಳಿದರು: "ನಮ್ಮ ದೇಶ ಹೇಗನ್ನಿಸ್ತು?"

ಆಕೆ ತುತ್ತು ನುಂಗಿ ಯೋಚಿಸಿದರು.

"ಉಪ್ಪು ಕಡಿಮೆ" ಎಂದರು. "ಜನ ಮಾತ್ರ ಒಳ್ಳೆಯವರು."