ಗೋಪಿನಾಥನ ಅರ್ಧ ಎಕರೆ ಗುನುಗು

ಗೋಪಿನಾಥನ ಬೆಳೆ ಮಾಯವಾದದ್ದು ಬತುಕಮ್ಮ ಹಬ್ಬದ ಬೆಳಗ್ಗೆ. ಬೆಳೆ ಅಂದರೆ ಜೋಳವಲ್ಲ, ಭತ್ತವಲ್ಲ. ನಮ್ಮ ಕಡೆ ಅಣ್ಣೆ, ಹೈದರಾಬಾದಿನಲ್ಲಿ ಗುನುಗು ಅನ್ನುವ ಕಾಡುಗಿಡ. ಮಣಿಕೊಂಡದಲ್ಲಿ ಗಾಜಿನ ಕಟ್ಟಡಗಳು ದಿನಕ್ಕೊಂದು ಗೇಣು ಬೆಳೆಯುತ್ತಿದ್ದ ಕಾಲ. ಅಲ್ಲಿನ ಕೆರೆದಂಡೆಯ ಮಣ್ಣಿನಲ್ಲಿ, ತಗಡಿಗೆ ಮೆರುಗು ಹಾಕುತ್ತಿದ್ದ ಹಳೇ ಶೆಡ್ಡುಗಳವರು ಬಿಟ್ಟುಹೋದ ಕ್ಯಾಡ್ಮಿಯಂ ಎಂಬ ವಿಷಲೋಹವಿತ್ತು. ಗುನುಗು ಅದನ್ನು ಬೇರಿನಿಂದ ಹೀರಿ ಮೈಗೇರಿಸಿಕೊಳ್ಳುತ್ತದೆ. ಗಿಡ ಕೊಯ್ದು, ಗೋಪಿನಾಥನನ್ನು ನೇಮಿಸಿದ್ದ ಮಣ್ಣುಶುದ್ಧಿಯ ಕಂಪನಿಯ ಭಟ್ಟಿಗೆ ಸಾಗಿಸಿ ಸುಟ್ಟರೆ ನೆಲ ಶುದ್ಧ. ಮರುದಿನ ಕಂಪನಿಯ ದೊಡ್ಡ ಸಾಹೇಬರು ಮಣ್ಣು ಪರೀಕ್ಷಿಸುವವರಿದ್ದರು. ವಿಷ ಇಳಿದಿದ್ದರೆ ಗೋಪಿನಾಥನ ನೌಕರಿ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಮೈಸೂರಿಗೆ ವಾಪಸು.

ಈಗ ನೋಡಿದರೆ ಹೊಲ ಮುಡಿ ಕೊಟ್ಟ ತಲೆಯಂತೆ ಬೋಳು.

ಕಾವಲಿಗಿದ್ದವಳು ರಾಯಚೂರಿನ ಹಂಪಮ್ಮ. ಎದುರಿನ ಅಪಾರ್ಟ್‌ಮೆಂಟಿನ ಹೆಂಗಸರು ಬಂದು ಕೇಳಿದರಂತೆ, ಕೊಟ್ಟಳಂತೆ. "ದೇವರ ಹೂವಿಗೆ ಒಲ್ಲೆ ಅನ್ನಾಕ ಬರತೈತೇನ್ರಿ ಸಾಹೇಬ್ರ? ಬುಡಕ್ಕ ಕೊಯ್ದು ಕೊಟ್ಟೀನಿ. ನಿಮಗೂ ಕೆಲಸ ಉಳೀತಲ್ಲ."

ಬತುಕಮ್ಮ ಅಂದರೆ ತಟ್ಟೆಯಲ್ಲಿ ಹೂವನ್ನು ಗೋಪುರದಂತೆ ಪೇರಿಸಿ, ಸುತ್ತ ಕುಣಿದು, ಸಂಜೆ ಕೆರೆಗೆ ಬಿಡುವ ಹಬ್ಬ. ವಿಷವೆಲ್ಲ ನೇರ ನೀರಿಗೆ. ಗೋಪಿನಾಥ ಎದ್ದುಬಿದ್ದು ಓಡಿದ.

ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷೆ ಸುಲೋಚನಮ್ಮನ ಎದುರು ನಿಂತು, ಹೂವಿನಲ್ಲಿ ವಿಷವಿದೆ ಎಂದು ತನ್ನ ಮುರುಕು ತೆಲುಗಿನಲ್ಲಿ ವಿವರಿಸಿದ. ಆಕೆ ಹೂವು ಮೂಸಿ, ಅವನ ಹಣೆ ಮುಟ್ಟಿ, ಮಜ್ಜಿಗೆ ತರಿಸಿದರು. ಎರಡನೇ ಮಹಡಿಯ ಸಾಫ್ಟ್‌ವೇರ್ ತರುಣ ಕಂಪ್ಯೂಟರಿನಲ್ಲಿ ಹುಡುಕಿ, ಈ ಸೊಪ್ಪನ್ನು ಜನ ಪಲ್ಯ ಮಾಡಿ ತಿನ್ನುತ್ತಾರೆ ಎಂದು ತೀರ್ಪು ಕೊಟ್ಟ. ಬೇರೆ ದಾರಿ ಕಾಣದೆ ಗೋಪಿನಾಥ ಒಂದು ತಟ್ಟೆಗೆ ಕೈಹಾಕಿದ. ಐದು ಜನ ಅಂಗಿ ಹಿಡಿದರು. ಗೇಟಿನ ತನಕ ಹೂಗಳ್ಳ ಎಂಬ ಹೆಸರು ಹಬ್ಬಿತು.

ಸುದ್ದಿ ಕೇಳಿ ಹೆಂಡತಿ ಕೋಕಿಲಾ ಬಂದಳು. "ರೀ, ನಿಮ್ಮ ವಿಜ್ಞಾನ ಸಾಕು. ಸುಮ್ನೆ ಅತ್ತುಬಿಡಿ" ಎಂದು ಕಿವಿಯಲ್ಲಿ ಹೇಳಿದಳು.

ಅಳು ಹೇಗೂ ಬಂದಿತ್ತು; ಅತ್ತ. ಸುಲೋಚನಮ್ಮ ಬೆಣ್ಣೆಯಂತೆ ಕರಗಿದರು. ಈ ವರ್ಷ ಕೆರೆಗೆ ಬಿಡುವುದಿಲ್ಲ, ಕುಣಿದಾದ ಮೇಲೆ ಹೂವೆಲ್ಲ ಹಂಪಮ್ಮನ ಕೈಗೇ ಒಪ್ಪಿಸುತ್ತೇವೆ ಎಂದು ಮಾತು ಕೊಟ್ಟರು. ಗೋಪಿನಾಥ ಕಂಪನಿಯ ಲಾರಿ ತರಲು ಶಂಶಾಬಾದಿಗೆ ಹೊರಟ. ಹೋಗುವ ಮುಂಚೆ ಹಂಪಮ್ಮನಿಗೆ ಹೇಳಿದ: "ಒಂದು ಎಸಳೂ ನೀರಿಗೆ ಬೀಳ್ಬಾರ್ದು ನೋಡಮ್ಮ."

ಟ್ರಾಫಿಕ್ಕಿನಲ್ಲಿ ತೆವಳಿ ಲಾರಿ ಬಂದಾಗ ಮುಸ್ಸಂಜೆ. ಹೆಂಗಸರೆಲ್ಲ ರೇಷ್ಮೆ ಸೀರೆ ಎತ್ತಿಕಟ್ಟಿ, ಮೊಣಕೈ ತನಕ ಮಣ್ಣು ಮಾಡಿಕೊಂಡು, ನಗುತ್ತ ನಿಂತಿದ್ದರು. ಹೂವು ಮಾತ್ರ ಎಲ್ಲೂ ಇಲ್ಲ.

"ಪೂಜಿ ಮಾಡಿದ ಹೂವು ಕಾಲಾಗ ಬೀಳಬಾರದ್ರಿ" ಎಂದಳು ಹಂಪಮ್ಮ. "ನೀರಿಗೂ ಬ್ಯಾಡ ಅಂದ್ರಿ. ಮತ್ತ ಉಳಿದದ್ದು ಮಣ್ಣಲ್ಲೇನ್ರಿ? ಎಲ್ಲಾರೂ ಕೂಡಿ ಸಣ್ಣಗ ಕೊಚ್ಚಿ, ಹೊಲದಾಗ ಮುಚ್ಚಿ, ನೀರು ಬಿಟ್ಟೀವಿ. ನಿಮ್ಮ ಕಣ್ಣೀರಿನ ಸುದ್ದಿ ಕೇಳಿ ಆಚೆ ದಂಡಿ ಕಾಲೊನಿಯವ್ರೂ ಕೆರಿದಂಡ್ಯಾಗ ಕೊಯ್ದಿದ್ದ ತಮ್ಮ ಹೂವೆಲ್ಲ ಆಟೋದಾಗ ತುಂಬಿ ಕಳಿಸ್ಯಾರ. ಭಾಳ ಚಲೋ ಮಂದಿ."

ಕೆರೆಯ ಸುತ್ತಲಿನ ಗುನುಗು ಇಡೀ ಮಳೆಗಾಲ ಹೀರಿದ್ದ ಲೋಹವೆಲ್ಲ ಈಗ ಗೋಪಿನಾಥನ ಅರ್ಧ ಎಕರೆಯಲ್ಲಿತ್ತು.

ಅವನು ಲಾರಿಯ ಮೆಟ್ಟಿಲ ಮೇಲೆ ಕುಸಿದು ಮತ್ತೆ ಅತ್ತ. ಪಾಪ, ಸಂತೋಷ ತಡೆಯಲಾಗುತ್ತಿಲ್ಲ ಎಂದು ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು.