ನಮ್ಮ ಟ್ಯಾಂಕಿನಲ್ಲಿ ಜೀವದ ಉಗಮ

ಜೀವ ಎಲ್ಲಿಂದ ಬಂತು ಎಂಬ ಪ್ರಶ್ನೆಯ ಬೆನ್ನು ಹತ್ತಿ ದೊಡ್ಡ ವಿಜ್ಞಾನಿಗಳು ಜೀವ ತೇಯುತ್ತಾರೆ. ನನ್ನಂಥ ರಸಾಯನಶಾಸ್ತ್ರದ ಮೇಷ್ಟ್ರು ಅದನ್ನು ಪರೀಕ್ಷೆಗೆ ಬರುವಷ್ಟು ಮಾತ್ರ ಕೇಳಿಕೊಳ್ಳುತ್ತಾನೆ. ದೆಹಲಿಯ ಕಾಲೇಜೊಂದರಲ್ಲಿ ಎರಡು ವಾದಗಳನ್ನು ಪಾಠ ಮಾಡಿಕೊಂಡು ಬಂದಿದ್ದೇನೆ. ಭೂಮಿಯ ಬೆಚ್ಚಗಿನ ಕೊಚ್ಚೆಯಲ್ಲೇ ರಾಸಾಯನಿಕಗಳು ಬೆರೆತು ಜೀವ ಹುಟ್ಟಿತು ಎನ್ನುವುದು ಒಂದು, ಉಲ್ಕೆಯ ಬೆನ್ನೇರಿ ಆಕಾಶದಿಂದ ಬಂತು ಎನ್ನುವುದು ಇನ್ನೊಂದು. ನಾನು ಕೊಚ್ಚೆಯ ಪಕ್ಷ. ಆಕಾಶದವರನ್ನು ಗೇಲಿ ಮಾಡಿದರೆ ಹಿಂದಿನ ಬೆಂಚಿನವರೂ ಎಚ್ಚರಾಗುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ, ಘಾಜಿಯಾಬಾದಿನ ನಮ್ಮ ಫ್ಲ್ಯಾಟಿನಲ್ಲಿ, ಸ್ನಾನಕ್ಕೆ ಹೋದ ಮಗಳು ಅದಿತಿ ಕಿರುಚಿಕೊಂಡಳು. "ಪಪ್ಪಾ, ಬಾಲ್ಟಿ ಮೇ ಕುಛ್ ಹಿಲ್ ರಹಾ ಹೈ! ಬೇಗ ಬನ್ನಿ!" ಬಕೆಟಿನಲ್ಲಿ ಕೆಂಪು ದಾರದ ಚೂರುಗಳಂಥ ಹುಳುಗಳು ಆರಾಮವಾಗಿ ಬಳುಕುತ್ತಿದ್ದವು. ಅದೇ ನೀರಿನಲ್ಲಿ ಆಗಷ್ಟೇ ಬಾಯಿ ಮುಕ್ಕಳಿಸಿದ್ದ ನನಗೆ ವೈಜ್ಞಾನಿಕ ಕುತೂಹಲಕ್ಕಿಂತ ಮೊದಲು ವಾಕರಿಕೆ ಬಂತು.

ಎಲ್ಲ ಮನೆಗಳಲ್ಲೂ ಇದೇ ಕಥೆ. ಪಾರ್ಕಿಂಗಿನಲ್ಲಿ ತುರ್ತು ಸಭೆ ಸೇರಿತು. ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ತ್ಯಾಗಿಯವರ ಪ್ರಕಾರ ಸೊಳ್ಳೆ, ಬೀದಿನಾಯಿ, ಕಳ್ಳ, ಕೆಟ್ಟ ಸಹವಾಸ ಎಲ್ಲವೂ ಪಕ್ಕದ ಅಪಾರ್ಟ್‌ಮೆಂಟಿನ ಉತ್ಪನ್ನಗಳು. "ಯೇ ಭೀ ಬಾಹರ್ ಸೇ ಆಯಾ ಹೈ" ಎನ್ನುತ್ತ, ಹುಳುವೂ ಹೊರಗಿನಿಂದಲೇ ಬಂದದ್ದೆಂದು ತೀರ್ಪು ಕೊಟ್ಟರು.

"ಹಾಗಾದರೆ ಅಲ್ಲಿ ಹೇಗೆ ಹುಟ್ಟಿತು?" ಎಂದು ನನ್ನ ಮೇಷ್ಟ್ರ ಹಿಂದಿಯಲ್ಲಿ ಕೇಳಿದೆ.

"ವೋ ಉನ್ಕಾ ಹೆಡೇಕ್ ಹೈ, ಪ್ರೊಫೆಸರ್ ಸಾಹೇಬ್."

ಹುಟ್ಟಿದ ಬಗೆ ಅವರ ತಲೆನೋವಂತೆ! ಆಕಾಶವಾದದ ಸಾರವನ್ನು ಇಷ್ಟು ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ನಾನು ಬಿಡಲಿಲ್ಲ. ಟ್ಯಾಂಕು ತೊಳೆದು ಎಷ್ಟು ಕಾಲವಾಯಿತು, ತಳದಲ್ಲಿ ಎಂಥ ರಾಡಿ, ಮೇಲೆ ಎಂಥ ಬಿಸಿಲು, ಇದು ನಮ್ಮದೇ ಕೊಳೆಯ ಸೃಷ್ಟಿ ಎಂದು ಭಾಷಣ ಬಿಗಿದೆ. ಕೊಳೆಯಿಂದ ಹುಳು ತಾನಾಗಿ ಹುಟ್ಟುವುದಿಲ್ಲ ಎಂದು ತರಗತಿಯಲ್ಲಿ ಕಲಿಸುವವನೂ ನಾನೇ. ಆದರೆ ತಲೆಯಾಡಿಸುವ ನಾಲ್ಕು ಜನ ಸಿಕ್ಕರೆ ಅಷ್ಟೆಲ್ಲ ನೆನಪಿರುವುದಿಲ್ಲ. ಸಭೆ ಎರಡು ಬಣವಾಯಿತು. ಹೊರಗಿನಿಂದ ತರಿಸಿದ ನೀರಿನಲ್ಲಿ ಮಾಡಿದ ಚಹಾ ಬಂತು.

ಆಗ ನನ್ನ ಹೆಂಡತಿ ಸುನಂದಾ ಕನ್ನಡದಲ್ಲಿ ಕೇಳಿದಳು: "ರೀ, ಇಷ್ಟು ಜನದಲ್ಲಿ ಯಾರಾದ್ರೂ ಮೇಲೆ ಹತ್ತಿ ನೋಡಿದೀರಾ?"

ಅನುವಾದಿಸಬೇಕಾದ ಕರ್ಮ ನನ್ನದು. ಅನುವಾದ ಮುಗಿಯುತ್ತಲೇ ಎಲ್ಲರೂ ನನ್ನನ್ನೇ ನೋಡಿದರು. ಸಭೆಯ ಸಮೇತ ತಾರಸಿಗೆ ಹೋಗಿ, ಮಂಡಿನೋವನ್ನು ಶಪಿಸುತ್ತ ಟ್ಯಾಂಕಿನ ಏಣಿ ಹತ್ತಿದೆ. ಟ್ಯಾಂಕಿಗೆ ಮುಚ್ಚಳವೇ ಇರಲಿಲ್ಲ. ಗಾಳಿಗೆ ಹಾರಿ ಅದು ತಾರಸಿಯ ಮೂಲೆ ಸೇರಿತ್ತು. ಸೊಳ್ಳೆಯಂಥ ಸಣ್ಣ ಕೀಟಗಳು ಗುಂಪಾಗಿ ಬಂದು ನೀರಿನ ಮೇಲೆ ಮೊಟ್ಟೆಯಿಡುತ್ತಿದ್ದವು. ಅವುಗಳ ಮರಿಗಳೇ ನಮ್ಮ ಬಕೆಟಿನ ಅತಿಥಿಗಳು.

ಎಲ್ಲಿಂದ ಬಂದವೆಂದು ಏಣಿಯ ಕೆಳಗಿನಿಂದ ತ್ಯಾಗಿಯವರು ಕೂಗಿದರು. "ಕಹಾಂ ಸೇ ಆಯೇ?"

ಸುಳ್ಳು ಹೇಳಲಾಗಲಿಲ್ಲ. "ಹಾರಿಕೊಂಡು ಬಂದಿವೆ" ಎಂದೆ.

"ಮತ್ಲಬ್ ಬಾಹರ್ ಸೇ!" ಅವರ ಬಣದವರು ಚಪ್ಪಾಳೆ ತಟ್ಟಿದರು.

ಮುಚ್ಚಳ ಹಾಕಿಸಿ, ಟ್ಯಾಂಕು ತೊಳೆಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟರಲ್ಲೇ ವಾಟ್ಸಾಪ್ ಗುಂಪಿನಲ್ಲಿ ತ್ಯಾಗಿಯವರ ಪ್ರಕಟಣೆ ಬಂದಿತ್ತು: ರಸಾಯನಶಾಸ್ತ್ರದ ಪ್ರೊಫೆಸರ್ ಸಾಹೇಬರು ಖುದ್ದು ಪರಿಶೀಲಿಸಿ, ಹುಳುಗಳು ಹೊರಗಿನವೇ ಎಂದು ದೃಢಪಡಿಸಿದ್ದಾರೆ. ನಾನು ಉದ್ದನೆಯ ಸ್ಪಷ್ಟೀಕರಣ ಬರೆಯತೊಡಗಿದೆ. ಸುನಂದಾ ಇಣುಕಿ ನೋಡಿ, "ಕಳಿಸಿದ್ರೆ ಟ್ಯಾಂಕ್ ಕಮಿಟಿಗೆ ನಿಮ್ಮನ್ನೇ ಅಧ್ಯಕ್ಷ ಮಾಡ್ತಾರೆ, ನೋಡ್ಕೊಳ್ಳಿ" ಎಂದಳು.

ಬರೆದದ್ದನ್ನೆಲ್ಲ ಅಳಿಸಿದೆ. ಪಿಎಚ್.ಡಿ. ಪಡೆದ ನಾನು ಆ ಪ್ರಕಟಣೆಯ ಕೆಳಗೆ, ಉಳಿದವರಂತೆಯೇ, ಹೆಬ್ಬೆಟ್ಟು ಒತ್ತಿ ಸುಮ್ಮನಾದೆ.