ಒಪೆರಾದಲ್ಲೊಂದು ಸನ್ಮಾನ

ಹರ್ಷಿತನ ಮದುವೆಯ ಮಾತು ಒಂದು ರಿಯಾಯಿತಿ ಟಿಕೆಟಿನ ಮೇಲೆ ನಿಂತಿತ್ತು.

ಕುವೈತಿನಲ್ಲಿ ಎಳೆಯರಿಗೆ ಒಪೆರಾದ ರುಚಿ ಹತ್ತಿಸಬೇಕೆಂದು ಹೊರಟ ಒಂದು ರಂಗಮಂದಿರದವರು ಹೊಸ ಯೋಜನೆ ತಂದಿದ್ದರು: ಇಪ್ಪತ್ತೈದರೊಳಗಿನ ಇಬ್ಬರು ಬಂದರೆ ಅರ್ಧ ದರ, ಜತೆಗೊಬ್ಬ ಹಿರಿಯರಿಗೆ ಉಚಿತ. ಆ ಇಬ್ಬರು ಎಗೈಲಾದ ಮಾಲಿನಲ್ಲಿ ಮೊಬೈಲ್ ಮಾರುವ ಹರ್ಷಿತ್ ಮತ್ತು ಅವನ ಹುಡುಗಿ ಅಕ್ಷಯಾ; ಹಿರಿಯರು ಅವಳ ಅಪ್ಪ ದೇಜಪ್ಪ, ಮೈದಾನ್ ಹವಲ್ಲಿಯ ತುಳುವರ ಸಂಘದ ಅಧ್ಯಕ್ಷರು.

"ಕಲೆ ಗೊತ್ತಿರುವ ಹುಡುಗ ಅಂತ ಪಪ್ಪನಿಗೆ ಅನ್ನಿಸಿದ್ರೆ ಸಾಕು. ಹೀ ವಿಲ್ ಸೇ ಯೆಸ್," ಎಂದಿದ್ದಳು ಅಕ್ಷಯಾ.

ಶುಕ್ರವಾರ ಸಂಜೆ ದೇಜಪ್ಪ ಕೋಟು ತೊಟ್ಟು, ದಪ್ಪ ಚೀಲವೊಂದನ್ನು ಅಪ್ಪಿಕೊಂಡು ಕಾರು ಹತ್ತಿದರು.

"ಚೀಲದಲ್ಲಿ ಎಂತ ಅಂಕಲ್?"

"ಶಾಲು, ಹಾರ, ಹಣ್ಣಿನ ಬುಟ್ಟಿ. ಕಲಾವಿದರ ಹತ್ರ ಬರಿಗೈಲಿ ಹೋಗುದಾ ಮಾರಾಯ?"

ಸಂಘದ ನಾಟಕಗಳಲ್ಲಿ ನಡುವೆ ಸನ್ಮಾನವಾಗದೆ ಪರದೆ ಬಿದ್ದದ್ದೇ ಇಲ್ಲ. ದೇಜಪ್ಪನವರ ಶಾಲಿನಿಂದ ಬೆಚ್ಚಗಾಗದ ಹೆಗಲು ಕುವೈತಿನ ಕರಾವಳಿಯವರಲ್ಲಿ ಕಡಿಮೆ.

"ಇಲ್ಲಿ ಹಾಗೆಲ್ಲ ಮಾಡುದಿಲ್ಲ ಅಂಕಲ್. ಕೆಮ್ಮಿದ್ರೂ ತಿರುಗಿ ನೋಡ್ತಾರೆ."

"ನೀನು ಸುಮ್ನಿರು. ಸಮಯ ನೋಡಿ ಮಾಡುವ."

ಬಾಗಿಲಲ್ಲಿ ಚೀಲ ತಪಾಸಣೆ ಮಾಡಿದ ಕಾವಲುಗಾರ ಹಾರ ಕಂಡು, ಯಾರೋ ದೊಡ್ಡವರೆಂದು ಸಲಾಂ ಹೊಡೆದ.

ಮೊದಲ ಒಂದು ಗಂಟೆ ದೇಜಪ್ಪ ಹಿತವಾಗಿ ನಿದ್ರಿಸಿದರು. ಎಚ್ಚರವಾದಾಗ ನಾಯಕಿ ವಿಷ ಕುಡಿದು ಸಾಯುತ್ತಿದ್ದಳು. ಸಾಯುತ್ತ ಹಾಡಿದಳು, ಹಾಡುತ್ತ ಎದ್ದಳು, ಬಿದ್ದು ಮತ್ತೆ ಹಾಡಿದಳು. ಹೊರಟೆವು ಎನ್ನುತ್ತ ಹೊಸ್ತಿಲಲ್ಲೇ ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ.

"ಈಗಲೇ ಆಗ್ಬೇಕು. ಸತ್ತ ಮೇಲೆ ಹೊದಿಸಿದ್ರೆ ಅರ್ಥ ಬೇರೆಯಾಗ್ತದೆ," ಎಂದು ದೇಜಪ್ಪ ಎದ್ದರು.

ಹರ್ಷಿತ್ ಅವರ ತೋಳು ಹಿಡಿದೆಳೆದ. ಕೋಟಿನ ಗುಂಡಿಯೊಂದು ಮಾತ್ರ ಕೈಯಲ್ಲುಳಿಯಿತು. ದೇಜಪ್ಪ ಬದಿಯ ಮೆಟ್ಟಿಲೇರಿ, ಸಾಯುವವಳಿಗೆ ಶಾಲು ಹೊದಿಸಿ, ಹಾರ ಹಾಕಿ, ಮಡಿಲಿಗೆ ಹಣ್ಣಿನ ಬುಟ್ಟಿಯಿಟ್ಟು, ಫೋಟೊಗೆಂದು ಸಭೆಯತ್ತ ತಿರುಗಿ ನಿಂತರು.

ಕಾವಲುಗಾರ ಹರ್ಷಿತನ ಮೇಲೆ ಬಾಗಿದ. "ಭಾಯಿ, ಆ ಸಾಹೇಬರು ನಿಮ್ಮವರಾ? ಇಕಾಮಾ ತೆಗೀರಿ."

ಇಕಾಮಾ ಎಂದದ್ದೇ ತಡ, ಹರ್ಷಿತನಿಗೆ ಆ ವಾಸದ ಪರವಾನಗಿ ರದ್ದಾದಂತೆ, ವೀಸಾ ಕೊಟ್ಟ ಕಫೀಲ್ ಗದರಿದಂತೆ, ವಿಮಾನ ಮಂಗಳೂರಲ್ಲಿ ಇಳಿದಂತೆ ಎಲ್ಲ ಒಟ್ಟಿಗೇ ಕಂಡಿತು. "ನಂಗೆ ಅವರು ಯಾರಂತ್ಲೇ ಗೊತ್ತಿಲ್ಲ ಭಾಯಿ!"

ಪಕ್ಕದಲ್ಲಿ ಅಕ್ಷಯಾ ನಿಧಾನವಾಗಿ ಅವನತ್ತ ತಿರುಗಿದಳು.

ವೇದಿಕೆಯಲ್ಲಿ ನಾಯಕಿ ಅಳುಕದೆ ಮೋಸಂಬಿಯೊಂದನ್ನು ಎದೆಗೊತ್ತಿಕೊಂಡು ಹಾಡು ಮುಂದುವರಿಸಿದಳು. ಇದೂ ಕತೆಯೊಳಗಿನದೇ ಎಂದು ತಿಳಿದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ದೇಜಪ್ಪ ಕೈಯೆತ್ತಿ ಸದ್ದಡಗಿಸಿದರು.

"ಇಂಥ ಉತ್ತಮ ಕಾರ್ಯಕ್ರಮಕ್ಕೆ ನಮ್ಮನ್ನು ಕರೆತಂದವರು, ನನ್ನ ಭಾವಿ ಅಳಿಯ, ಶ್ರೀ ಹರ್ಷಿತ್. ಅವರನ್ನು ಪ್ರೀತಿಯಿಂದ ವೇದಿಕೆಗೆ ಆಹ್ವಾನಿಸುತ್ತೇನೆ!"

ಹರ್ಷಿತ್ ಸೀಟುಗಳನ್ನು ಹಾರಿ ವೇದಿಕೆಯತ್ತ ಓಡಿದ. ಮೆಟ್ಟಿಲ ಬುಡದಲ್ಲಿ ಕಾವಲುಗಾರ ಅವನ ಕಾಲರ್ ಹಿಡಿದು ಕೂಗಿದ: "ಸಾಹೇಬ್, ಇವರಿಗೆ ನೀವು ಯಾರಂತ್ಲೇ ಗೊತ್ತಿಲ್ವಂತೆ!"

ದೇಜಪ್ಪ ಮಗಳತ್ತ ನೋಡಿದರು.

"ಟ್ರೂ, ಪಪ್ಪಾ."

ದೇಜಪ್ಪ ಕೋಟು ಸರಿಪಡಿಸಿಕೊಂಡರು. "ಸರಿಯಾಗಿಯೇ ಹೇಳಿದ್ದಾನೆ ಭಾಯಿ. ನಾನೂ ಇವನನ್ನು ಈಗಲೇ ನೋಡುದು."